ಮಿತ ವೆಚ್ಚದಲ್ಲಿ ಹೊಸ ಟಿ.ವಿ. ಖರೀದಿ: ಅಫಜಲಪುರ, ಆಳಂದ ಮತ್ತು ಜೇವರ್ಗಿ ತಾಲ್ಲೂಕುಗಳ ಗ್ರಾಹಕರಿಗೆ ಮಾಹಿತಿ

ಅಫಜಲಪುರ ತಾಲ್ಲೂಕಿನ ಘತ್ತರಗಿ ಹಾಗೂ ಭೀಮಾ ನದಿ ದಂಡೆಯ ಇತರ ಗ್ರಾಮಗಳಲ್ಲಿ ಮನೆಗೆ ಬೇಕಾದ ದೊಡ್ಡ ವಸ್ತುಗಳ ಖರೀದಿಯು ಬಹುಮಟ್ಟಿಗೆ ತೊಗರಿ ರಾಶಿ ಮುಗಿದು ಹಣ ಕೈಸೇರಿದ ಬಳಿಕವೇ ನಡೆಯುತ್ತದೆ. ಟಿ.ವಿ.ಗೆಂದು ತೆಗೆದಿರಿಸಿದ ಹತ್ತು ಹದಿನೈದು ಸಾವಿರ ರೂಪಾಯಿ ಒಮ್ಮೆ ತಪ್ಪು ವಸ್ತುವಿಗೆ ವೆಚ್ಚವಾದಲ್ಲಿ ಮುಂದಿನ ಸುಗ್ಗಿಯವರೆಗೆ ಅದನ್ನು ಸರಿಪಡಿಸಿಕೊಳ್ಳಲು ಅವಕಾಶವಿರುವುದಿಲ್ಲ. ಆದುದರಿಂದ ಖರೀದಿಗೆ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಟಿ.ವಿ. ಈ ಜಿಲ್ಲೆಗೆ ರಾಜ್ಯದ ಇತರೆಡೆಗಿಂತ ಮೊದಲೇ ಬಂದಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಲ್ಲಿ ನಡೆದ 'ಸೈಟ್' ಉಪಗ್ರಹ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಅಂದಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ಆ ಸೌಲಭ್ಯ ದೊರೆತದ್ದು 1981ರಲ್ಲಿ. ಅಂದು ಊರಿಗೊಂದು ಪೆಟ್ಟಿಗೆಯಿತ್ತು, ಆಯ್ಕೆಯ ಪ್ರಶ್ನೆಯೇ ಇರಲಿಲ್ಲ.

ಪರದೆಯ ಅಳತೆ

ಟಿ.ವಿ.ಯ ಅಳತೆಯೆಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಉದ್ದ. ಪೆಟ್ಟಿಗೆಯ ಮೇಲೆ ಇದನ್ನು ಸೆಂಟಿಮೀಟರ್‌ಗಳಲ್ಲಿ ಮುದ್ರಿಸಲಾಗಿರುತ್ತದೆ. 80 ಸೆಂ.ಮೀ. ಎಂದರೆ 32 ಇಂಚು, 108 ಸೆಂ.ಮೀ. ಎಂದರೆ 43 ಇಂಚು. ಕುಳಿತು ನೋಡುವ ಸ್ಥಳ ಪರದೆಯಿಂದ ಐದಾರು ಅಡಿ ದೂರದಲ್ಲಿದ್ದರೆ 32 ಇಂಚು ಸಾಕಾಗುತ್ತದೆ. ಏಳೆಂಟು ಅಡಿ ಇದ್ದಲ್ಲಿ ಮಾತ್ರ 43 ಇಂಚಿನ ಬಗ್ಗೆ ಯೋಚಿಸಬಹುದು. ಅಂಗಡಿಯ ವಿಶಾಲ ಕೋಣೆಯಲ್ಲಿ ಚಿಕ್ಕದಾಗಿ ಕಾಣುವ ಟಿ.ವಿ. ಮನೆಯ ಪಡಸಾಲೆಯಲ್ಲಿ ಹಾಗೆ ಕಾಣುವುದಿಲ್ಲ. ಮನೆಯಿಂದ ಹೊರಡುವ ಮುನ್ನ ಈ ದೂರವನ್ನೂ ಗೋಡೆಯಲ್ಲಿ ಲಭ್ಯವಿರುವ ಅಗಲವನ್ನೂ ಟೇಪಿನಿಂದ ಅಳೆದು ಬರೆದುಕೊಂಡು ಹೋಗುವುದು ಒಳಿತು.

'ಎಚ್.ಡಿ. ರೆಡಿ', 'ಫುಲ್ ಎಚ್.ಡಿ.', '4ಕೆ' ಎಂಬ ಪದಗಳು ಚಿತ್ರದ ಚುಕ್ಕೆಗಳ ಸಂಖ್ಯೆಯನ್ನು ಸೂಚಿಸುತ್ತವೆ. 32 ಇಂಚಿನ ಪರದೆಯಲ್ಲಿ ಉಚಿತ ವಾಹಿನಿಗಳನ್ನು ನೋಡುವವರಿಗೆ ಎಚ್.ಡಿ. ರೆಡಿ ಸಾಕು. 4ಕೆಗೆ ಹೆಚ್ಚು ಹಣ ತೆತ್ತರೂ ಬರುವ ಪ್ರಸಾರವೇ ಆ ಮಟ್ಟದ್ದಲ್ಲವಾದ್ದರಿಂದ ಚಿತ್ರವು ಹೆಚ್ಚು ಸ್ಪಷ್ಟವಾಗುವುದಿಲ್ಲ.

ಪ್ರಸಾರ ಪಡೆಯುವ ವಿಧಾನ

ಟಿ.ವಿ.ಯ ಬೆಲೆ ಒಮ್ಮೆ ಕೊಡುವಂಥದು. ಪ್ರಸಾರದ ಶುಲ್ಕ ಪ್ರತಿ ತಿಂಗಳು ಕೊಡುವಂಥದು. ತಿಂಗಳಿಗೆ 250 ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ವರ್ಷಗಳಲ್ಲಿ 12,000 ರೂಪಾಯಿ, ಅಂದರೆ ಮತ್ತೊಂದು ಟಿ.ವಿ.ಯ ಬೆಲೆ, ಸಂದಾಯವಾಗುತ್ತದೆ. ಬಹಳಷ್ಟು ಗ್ರಾಹಕರು ಈ ಲೆಕ್ಕವನ್ನು ಖರೀದಿಯ ನಂತರ ಮಾಡುತ್ತಾರೆ.

ಹಳೆಯ ಛಾವಣಿ ಆಂಟೆನಾದಿಂದ ದೂರದರ್ಶನ ನೋಡುವ ವ್ಯವಸ್ಥೆ ಈಗ ಉಪಯೋಗಕ್ಕಿಲ್ಲ. ದೂರದರ್ಶನದ ಅನಲಾಗ್ ಭೂಪ್ರಸಾರವನ್ನು 2022ರ ವೇಳೆಗೆ ಬಹುತೇಕ ಎಲ್ಲೆಡೆ ನಿಲ್ಲಿಸಲಾಗಿದೆ. ಇದಕ್ಕೆ ಪರ್ಯಾಯವಾಗಿ ಪ್ರಸಾರ ಭಾರತಿಯ ಡಿ.ಡಿ. ಫ್ರೀ ಡಿಶ್ ಸೇವೆ ಲಭ್ಯವಿದೆ. 2004ರ ಡಿಸೆಂಬರ್‌ನಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿರುವುದಿಲ್ಲ; ಡಿಶ್, ಸೆಟ್ ಟಾಪ್ ಬಾಕ್ಸ್ ಮತ್ತು ಜೋಡಣೆಯ ವೆಚ್ಚ ಮಾತ್ರ ಒಮ್ಮೆ ತಗಲುತ್ತದೆ. ಡಿ.ಡಿ. ಚಂದನ ಇದರಲ್ಲಿ ಬರುತ್ತದೆ. ಹಣ ನೀಡಿ ನೋಡುವ ಕನ್ನಡ ಮನರಂಜನಾ ವಾಹಿನಿಗಳೇ ಬೇಕೆಂಬ ಕುಟುಂಬದವರು ಅವು ಇದರಲ್ಲಿ ದೊರೆಯುತ್ತವೆಯೇ ಎಂದು ಮೊದಲು ನೆರೆಮನೆಯಲ್ಲಿ ನೋಡಿ ತೀರ್ಮಾನಿಸತಕ್ಕದ್ದು.

ಫ್ರೀ ಡಿಶ್ ಉಪಗ್ರಹವು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಘತ್ತರಗಿಯ ಸುತ್ತಮುತ್ತಲಿನಿಂದ ನೋಡಿದಾಗ ಅದು ನೇರ ಆಗ್ನೇಯ ದಿಕ್ಕಿನಲ್ಲಿ, ನೆಲಮಟ್ಟದಿಂದ ಸುಮಾರು 60 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಆ ದಿಕ್ಕಿಗೆ ಬೇವಿನ ಮರವಾಗಲಿ ಪಕ್ಕದ ಮನೆಯ ಮಾಳಿಗೆಯಾಗಲಿ ಅಡ್ಡ ಬಾರದಂತೆ ಡಿಶ್ ಅಳವಡಿಸಬೇಕು. ತಗಡಿನ ಛಾವಣಿಯ ಮೇಲೆ ನೇರವಾಗಿ ಕೂರಿಸಿದ ಡಿಶ್ ಗಾಳಿಗೆ ಅಲುಗಿ ದಿಕ್ಕು ತಪ್ಪುತ್ತದೆ. ಗೋಡೆಗೆ ಕಂಬಿ ಕೂರಿಸಿ ಬಿಗಿಯುವುದೇ ಸೂಕ್ತ.

'ಸ್ಮಾರ್ಟ್ ಟಿ.ವಿ.'ಗೆ ಅಂತರ್ಜಾಲ ಅಗತ್ಯ. ಸ್ಪಷ್ಟ ಚಿತ್ರದೊಂದಿಗೆ ಒಂದು ಗಂಟೆ ನೋಡಲು ಒಂದರಿಂದ ಎರಡು ಜಿ.ಬಿ. ಡೇಟಾ ವೆಚ್ಚವಾಗಬಹುದು. ದಿನಕ್ಕೆ 1.5 ಜಿ.ಬಿ. ದೊರೆಯುವ ಮೊಬೈಲಿನ ಹಾಟ್‌ಸ್ಪಾಟ್ ಒಂದು ಸಿನಿಮಾ ಮುಗಿಯುವ ಮೊದಲೇ ಬರಿದಾಗುತ್ತದೆ, ಮಕ್ಕಳ ಓದಿಗೆ ಉಳಿಯುವುದಿಲ್ಲ. ಗ್ರಾಮಕ್ಕೆ ಬ್ರಾಡ್‌ಬ್ಯಾಂಡ್ ಸಂಪರ್ಕ ಇಲ್ಲದಿದ್ದಲ್ಲಿ ಸಾಧಾರಣ ಟಿ.ವಿ. ಖರೀದಿಸಿ, ಮುಂದೆ ಬೇಕೆನಿಸಿದಾಗ ಎಚ್.ಡಿ.ಎಂ.ಐ. ಕಿಂಡಿಗೆ ಜೋಡಿಸುವ ಚಿಕ್ಕ ಸಾಧನವನ್ನು ಕೊಳ್ಳಬಹುದು. ಆದರೆ ಸಾಧಾರಣ ಮಾದರಿಗಳು ಅಂಗಡಿಗಳಲ್ಲಿ ಕಡಿಮೆಯಾಗುತ್ತಿವೆ. ಸ್ಮಾರ್ಟ್ ಟಿ.ವಿ.ಯೇ ಅದೇ ಬೆಲೆಗೆ ದೊರೆತಲ್ಲಿ ಬೇಡವೆನ್ನಬೇಕಾಗಿಲ್ಲ. ಅದಕ್ಕಾಗಿ ಹೆಚ್ಚು ಹಣ ಕೊಡಬಾರದಷ್ಟೆ.

ವಿದ್ಯುತ್ ಬಳಕೆ

32 ಇಂಚಿನ ಎಲ್.ಇ.ಡಿ. ಟಿ.ವಿ. ಅಂದಾಜು 40ರಿಂದ 50 ವಾಟ್ ಬಳಸುತ್ತದೆ. ದಿನಕ್ಕೆ ಐದು ಗಂಟೆ ನೋಡಿದಲ್ಲಿ ತಿಂಗಳಿಗೆ ಆರೇಳು ಯೂನಿಟ್. 80 ವಾಟ್ ಬಳಸುವ ದೊಡ್ಡ ಟಿ.ವಿ.ಗೆ ಇದೇ ಲೆಕ್ಕದಲ್ಲಿ 12 ಯೂನಿಟ್ ಆಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹ ಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಈ ವ್ಯತ್ಯಾಸ ಮುಖ್ಯವಾದುದು. ಸದರಿ ಯೋಜನೆಯಡಿ ಎಲ್ಲರಿಗೂ 200 ಯೂನಿಟ್ ಉಚಿತವೆಂಬ ತಿಳಿವಳಿಕೆ ಸರಿಯಲ್ಲ. 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟು, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ 10 ಯೂನಿಟ್, ಸೇರಿಸಿ ಅರ್ಹತೆಯನ್ನು ನಿಗದಿಪಡಿಸಲಾಗಿದೆ. ಅದನ್ನು ಮೀರಿದ ಯೂನಿಟ್‌ಗಳಿಗೆ ಶುಲ್ಕ ಪಾವತಿಸಬೇಕು. ಬಳಕೆ 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕು. ಜೆಸ್ಕಾಂ ಬಿಲ್ಲಿನಲ್ಲಿ ತಮ್ಮ ಅರ್ಹ ಯೂನಿಟ್ ಎಷ್ಟೆಂದು ನೋಡಿಕೊಂಡು, ಟಿ.ವಿ.ಯ ಮೇಲಿರುವ ಸ್ಟಾರ್ ಚೀಟಿಯಲ್ಲಿನ ವಾರ್ಷಿಕ ಯೂನಿಟ್ ಸಂಖ್ಯೆಯನ್ನು ಹನ್ನೆರಡರಿಂದ ಭಾಗಿಸಿದರೆ ಹೊರೆ ಎಷ್ಟೆಂಬುದು ತಿಳಿಯುತ್ತದೆ.

ಮುಂಗಾರು ಪೂರ್ವದ ಗುಡುಗು ಸಿಡಿಲಿನ ಸಮಯದಲ್ಲಿ ಸ್ವಿಚ್ ಆರಿಸಿದರೆ ಸಾಲದು. ವಿದ್ಯುತ್ ಪ್ಲಗ್ ಮತ್ತು ಡಿಶ್‌ನಿಂದ ಬರುವ ಕೇಬಲ್ ಎರಡನ್ನೂ ಕಳಚಬೇಕು. ಸಿಡಿಲಿನ ಆಘಾತ ಕೇಬಲ್ ಮೂಲಕವೂ ಒಳಬರುತ್ತದೆ. ಇಂತಹ ಹಾನಿ ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ನೀರು ಮನೆಯೊಳಗೆ ಬಂದುದನ್ನು ಕಂಡವರಿಗೆ ಟಿ.ವಿ.ಯನ್ನು ಮೇಜಿನ ಬದಲು ಗೋಡೆಯಲ್ಲಿ ಎತ್ತರಕ್ಕೆ ಅಳವಡಿಸುವುದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ನೀರು ತಗಲಿದ ಟಿ.ವಿ.ಯನ್ನು ತಂತ್ರಜ್ಞರು ಪರಿಶೀಲಿಸುವ ಮೊದಲು ಚಾಲನೆ ಮಾಡಕೂಡದು.

ಬೆಲೆ, ಬಿಲ್ಲು ಮತ್ತು ಕಂತು

2025ರ ಸೆಪ್ಟೆಂಬರ್ 22ರಿಂದ ಎಲ್ಲಾ ಅಳತೆಯ ಟಿ.ವಿ.ಗಳಿಗೆ ಶೇ. 18ರ ಜಿ.ಎಸ್.ಟಿ. ಅನ್ವಯಿಸುತ್ತದೆ. ಅದಕ್ಕೂ ಮೊದಲು 32 ಇಂಚಿಗಿಂತ ದೊಡ್ಡ ಟಿ.ವಿ.ಗಳಿಗೆ ಶೇ. 28 ಇತ್ತು. ಆದ್ದರಿಂದ 32 ಇಂಚಿನ ಟಿ.ವಿ.ಗೆ 'ತೆರಿಗೆ ಇಳಿಕೆಯ ರಿಯಾಯಿತಿ' ಎಂದು ಹೇಳಿದಲ್ಲಿ ಅದು ಮಾರಾಟಗಾರರ ಸ್ವಂತ ರಿಯಾಯಿತಿಯೇ ಹೊರತು ಆ ಇಳಿಕೆಯಿಂದ ಬಂದುದಲ್ಲ. ಗರಿಷ್ಠ ಮಾರಾಟ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಅದರ ಮೇಲೆ ಪ್ರತ್ಯೇಕವಾಗಿ ತೆರಿಗೆ ಕೇಳುವಂತಿಲ್ಲ.

ಬಿಲ್ಲು ಬೇಡವೆಂದರೆ ಐದುನೂರು ರೂಪಾಯಿ ಕಡಿಮೆ ಎಂಬ ಮಾತಿಗೆ ಒಪ್ಪಬಾರದು. ಬಿಲ್ಲಿಲ್ಲದೆ ವಾರಂಟಿ ಪಡೆಯುವುದೂ ದೂರು ಸಾಬೀತುಪಡಿಸುವುದೂ ಕಷ್ಟ. ಬಿಲ್ಲಿನಲ್ಲಿ ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ ನಮೂದಾಗಿರಬೇಕು, ಅವು ಟಿ.ವಿ.ಯ ಹಿಂಬದಿಯ ಚೀಟಿಗೆ ತಾಳೆಯಾಗಬೇಕು.

'ಬಡ್ಡಿರಹಿತ ಕಂತು' ಎಂಬುದನ್ನು ಎಚ್ಚರಿಕೆಯಿಂದ ಪರಿಶೀಲಿಸತಕ್ಕದ್ದು. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಉದಾಹರಣೆಗೆ, ನಗದಾಗಿ 13,800 ರೂಪಾಯಿಗೆ ದೊರೆಯುವ ಟಿ.ವಿ.ಗೆ ತಿಂಗಳಿಗೆ 1,250ರಂತೆ ಹನ್ನೆರಡು ಕಂತು ಮತ್ತು ಆರಂಭದಲ್ಲಿ 500 ರೂಪಾಯಿ ಸಂಸ್ಕರಣಾ ಶುಲ್ಕ ಎಂದಾದರೆ ಒಟ್ಟು ಪಾವತಿ 15,500. ಹೆಚ್ಚುವರಿ 1,700 ರೂಪಾಯಿ ವಾರ್ಷಿಕ ಸುಮಾರು ಶೇ. 23ರ ಬಡ್ಡಿಗೆ ಸಮ. ನಗದು ಬೆಲೆ ಎಷ್ಟೆಂದು ಮೊದಲು ಕೇಳಿ, ಕಂತಿನ ವಿಷಯವನ್ನು ನಂತರ ಎತ್ತಿದರೆ ಈ ವ್ಯತ್ಯಾಸ ಹೊರಬೀಳುತ್ತದೆ. 2024ರ ಅಕ್ಟೋಬರ್ 1ರಿಂದ ಸಾಲ ನೀಡುವವರು ಒಟ್ಟು ವೆಚ್ಚವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಒದಗಿಸಬೇಕಾಗಿದೆ. ಕನ್ನಡದಲ್ಲಿ ಕೇಳಿ ಪಡೆಯಬಹುದು.

ಅಂಗಡಿಯಲ್ಲಿ ಪರಿಶೀಲನೆ

ಭಾರತೀಯ ಮಾನಕ ಬ್ಯೂರೋದ ಚಿಹ್ನೆ ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ನೋಡಿಕೊಳ್ಳಬೇಕು, 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ನೈಜವೇ ಎಂದು ಪರೀಕ್ಷಿಸಬಹುದು. ಪೆಟ್ಟಿಗೆಯನ್ನು ಅಲ್ಲಿಯೇ ತೆರೆಯಿಸಿ, ಹತ್ತು ನಿಮಿಷ ಚಾಲನೆಯಲ್ಲಿಟ್ಟು ಪರದೆಯನ್ನು ಪೂರ್ಣ ಬಿಳಿ ಮತ್ತು ಪೂರ್ಣ ಕಪ್ಪು ಬಣ್ಣದಲ್ಲಿ ನೋಡತಕ್ಕದ್ದು. ಬಿರುಕು ಅಥವಾ ಗೆರೆ ಮನೆಗೆ ಬಂದ ನಂತರ ಕಂಡರೆ ಸಾಗಣೆಯ ದೋಷವೆನ್ನುತ್ತಾರೆ. ಪರದೆ ಒಡೆದರೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಬದಲಿ ಪರದೆಯ ಬೆಲೆ ಹೊಸ ಟಿ.ವಿ.ಯ ಬೆಲೆಯ ಹತ್ತಿರಕ್ಕೇ ಬರುತ್ತದೆ. ದುರಸ್ತಿ ಸಿಬ್ಬಂದಿ ಗ್ರಾಮಕ್ಕೇ ಬರುವರೋ ಅಥವಾ ಟಿ.ವಿ.ಯನ್ನು ಕಲಬುರಗಿಗೆ ಒಯ್ಯಬೇಕೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕು. ಸ್ವಲ್ಪ ಹೆಚ್ಚು ಬೆಲೆಯಾದರೂ ಹತ್ತಿರದಲ್ಲಿ ಸೇವೆ ಇರುವ ಕಂಪನಿಯೇ ಕೊನೆಗೆ ಅಗ್ಗವಾಗುತ್ತದೆ.

ಹಳೆಯ ಕೊಳವೆ ಟಿ.ವಿ.ಯ ಗಾಜಿನಲ್ಲಿ ಸೀಸವಿರುವುದರಿಂದ ಅದನ್ನು ಒಡೆಯದೆ ವಿನಿಮಯದಲ್ಲಿ ನೀಡುವುದು ಸೂಕ್ತ.

ದೂರು ಸಲ್ಲಿಸುವ ವಿಧಾನ

ಟಿ.ವಿ. ದೋಷಯುಕ್ತವಾಗಿದ್ದು ಮಾರಾಟಗಾರರು ಅಥವಾ ತಯಾರಕರು ಸ್ಪಂದಿಸದಿದ್ದಲ್ಲಿ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬಹುದು. ಪರಿಹಾರ ದೊರೆಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಆನ್‌ಲೈನ್‌ನಲ್ಲಿ ಅಥವಾ ದೂರದ ನಗರದ ಅಂಗಡಿಯಲ್ಲಿ ಖರೀದಿಸಿದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ಈ ಮೂರು ತಾಲ್ಲೂಕಿನವರು ಕಲಬುರಗಿಯಲ್ಲಿ, ದೂರು ದಾಖಲಿಸಲು ಅವಕಾಶವಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.

ದೂರಿನೊಂದಿಗೆ ಬಿಲ್ಲು, ವಾರಂಟಿ ಪತ್ರ, ಸೇವಾ ಕೇಂದ್ರಕ್ಕೆ ನೀಡಿದ ದೂರುಗಳ ಸಂಖ್ಯೆ ಮತ್ತು ದಿನಾಂಕ, ದೋಷದ ಛಾಯಾಚಿತ್ರ ಇವುಗಳ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಮೂಲ ದಾಖಲೆಗಳನ್ನು ಗ್ರಾಹಕರು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಉಷ್ಣಕ್ಕೆ ಅಕ್ಷರ ಅಳಿಸಿಹೋಗುವ ತೆಳು ಕಾಗದದ ಬಿಲ್ಲಾಗಿದ್ದಲ್ಲಿ ಖರೀದಿಸಿದ ದಿನವೇ ಅದರ ಛಾಯಾಪ್ರತಿ ತೆಗೆಸಿಡಬೇಕು.