ಉರಿ, ಸಂಕಟ, ಸುಸ್ತು: ಖಿನ್ನತೆಯ ಚರಿತ್ರೆಯ ಕೆಲವು ಪುಟಗಳು

ನನ್ನ ಸಂಶೋಧನೆಗೆ ಬೇಕಾಗಿದ್ದ ಮುಖ್ಯ ದಾಖಲೆಯೊಂದು ಯಾವ ಪತ್ರಾಗಾರದಲ್ಲೂ ಸಿಗಲಿಲ್ಲ. ಅದು ಇದ್ದದ್ದು ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ, ಚಿಕ್ಕಮ್ಮನ ಮನೆಯ ಬೀರುವಿನಲ್ಲಿ, ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೆ. 11 ವರ್ಷಗಳ ಔಷಧಿ ಚೀಟಿಗಳು. ನಾನು ಪಿಎಚ್‌ಡಿ ಮಾಡುತ್ತಿರುವುದು ಕರ್ನಾಟಕದಲ್ಲಿ ಮನೋವೈದ್ಯಕೀಯ ಸೇವೆ ಹಳ್ಳಿಗಳಿಗೆ ಹೋದ ಚರಿತ್ರೆಯ ಮೇಲೆ. ಹಾಗಿದ್ದೂ ಆ ಕವರು ನನ್ನ ವಿಷಯಕ್ಕೆ ಸೇರಿದ್ದು ಎಂದು ಹೊಳೆಯಲು ಎರಡು ವರ್ಷ ಬೇಕಾಯಿತು. ಇದನ್ನು ಬರೆಯಲು ಚಿಕ್ಕಮ್ಮನ ಒಪ್ಪಿಗೆ ಇದೆ. ಊರ ಹೆಸರು ಹಾಕಬೇಡ ಅಂದಿದ್ದಾಳೆ, ಹಾಕಿಲ್ಲ.

ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಇತಿಹಾಸದ ವಿದ್ಯಾರ್ಥಿಗೆ ಬೇರೇನು ಗೊತ್ತು? ಬಿ-ಕಾಂಪ್ಲೆಕ್ಸ್, ಗ್ಯಾಸ್ಟ್ರಿಕ್ ಮಾತ್ರೆ, ಕ್ಯಾಲ್ಸಿಯಂ, ಮತ್ತೆ ಬಿ-ಕಾಂಪ್ಲೆಕ್ಸ್. ನಾಲ್ಕು ಇಸಿಜಿ, ಮೂರು ಸಲ ಥೈರಾಯ್ಡ್ ಪರೀಕ್ಷೆ, ಒಂದು ಎಂಡೋಸ್ಕೋಪಿ. ಎಲ್ಲವೂ ನಾರ್ಮಲ್. ಆ ವರ್ಷಗಳಲ್ಲಿ ಚಿಕ್ಕಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ಮೈಯೆಲ್ಲ ಉರಿ ಕಣೇ. ಹೊಟ್ಟೇಲಿ ಸಂಕಟ. ಊಟ ಸೇರಲ್ಲ, ನಿದ್ದೆ ಹತ್ತಲ್ಲ." ಬೆಳಗಿನ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕುತ್ತಿದ್ದವಳು ಎರಡು ಹಸುಗಳನ್ನು ಮಾರಿಸಿದಳು. ಮದುವೆ ಮುಂಜಿಗೆ ಹೋಗುವುದು ನಿಂತಿತು. ಗೌರಿಹಬ್ಬಕ್ಕೆ ಒಬ್ಬಟ್ಟು ತಟ್ಟುವುದೂ ನಿಂತಿತು. ಮನೆಯಲ್ಲಿ ಇದಕ್ಕೆ 'ಅವಳದ್ದು ಸುಸ್ತು' ಎಂಬ ಹೆಸರು ಬಿತ್ತು. ಸ್ವಲ್ಪ ಸಮಯದ ನಂತರ 'ಅವಳದ್ದು ಇದ್ದದ್ದೇ' ಎಂದಾಯಿತು. 'ನಿಮಗೇನೂ ಇಲ್ಲ' ಎಂದು ಹೇಳಿ ಕಳಿಸಿದ ವೈದ್ಯರೆಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಪರೀಕ್ಷಿಸಿದ್ದರು. 'ಬದುಕು ಹೇಗಿದೆಯಮ್ಮ' ಎಂದು ಕೇಳಿದ ಸುಳಿವು ಮಾತ್ರ ಒಂದು ಚೀಟಿಯಲ್ಲೂ ಇರಲಿಲ್ಲ.

'ಖಿನ್ನತೆ' ಎಂಬ ಪದವನ್ನು ಚಿಕ್ಕಮ್ಮ ಒಮ್ಮೆಯೂ ಬಳಸಿದವಳಲ್ಲ. ನಮ್ಮ ಊರುಗಳಲ್ಲಿ ಯಾರೂ ಬಳಸುವುದಿಲ್ಲ, ಅದು ಪುಸ್ತಕದ ಮಾತು. ನಮಗಿರುವುದು ಬೇಜಾರು, ಪಾರಸಿಯಿಂದ ಬಂದು ನಮ್ಮದೇ ಆಗಿಹೋದ ಪದ. ಬಸ್ಸು ತಡವಾದರೂ ಬೇಜಾರು, ಮಗ ಸತ್ತರೂ ಬೇಜಾರು. ಇಷ್ಟು ಅಗಲವಾದ ಪದ ಇಟ್ಟುಕೊಂಡು ರೋಗವನ್ನು ದುಃಖದಿಂದ ಬೇರ್ಪಡಿಸುವುದು ಕಷ್ಟ. ಹಾಗಾಗಿ ಮನಸ್ಸಿನ ಭಾರವನ್ನು ಹೇಳಲು ಜನ ಮೈಯನ್ನು ಮುಂದೆ ಮಾಡುತ್ತಾರೆ.

ಇದು ಇವತ್ತಿನ ರೂಢಿಯೂ ಅಲ್ಲ, ಓದುಬರಹ ಇಲ್ಲದವರ ರೂಢಿಯೂ ಅಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರು ಅರ್ಜುನವಿಷಾದಯೋಗ. ಅಲ್ಲಿ ಅರ್ಜುನ ಮೊದಲು ಹೇಳುವುದು ಮೈಯ ಸಂಗತಿಗಳನ್ನೇ: ಕೈಕಾಲು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ. ಅರ್ಜುನನಿಗೆ ಖಿನ್ನತೆಯ ಕಾಯಿಲೆ ಇತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಬಗ್ಗೆ ನನಗೆ ಅನುಮಾನವೇ ಇದೆ. ಆದರೆ ಆ ಉರಿ ನನಗೆ ಪರಿಚಯದ್ದು. ಚರಕಸಂಹಿತೆಯಂತೂ ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದಕ್ಕೇ ಮೊದಲ ಸ್ಥಾನ ಕೊಡುತ್ತದೆ. ಮನಸ್ಸನ್ನು ಒಂದು ಕಡೆ, ಮೈಯನ್ನು ಇನ್ನೊಂದು ಕಡೆ ಇಟ್ಟು ನೋಡುವ ಅಭ್ಯಾಸ ನಮಗೆ ತಡವಾಗಿ ಬಂದದ್ದು.

ಜನ ಹೇಳುವ ಮಾತನ್ನು ಹೇಳುವ ಹಾಗೆಯೇ ಕೇಳಿಸಿಕೊಳ್ಳಬೇಕು ಎಂದು ಹೊರಟ ಒಂದು ದೊಡ್ಡ ಅಧ್ಯಯನ ಕರ್ನಾಟಕದಲ್ಲೇ ನಡೆಯಿತು, ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ದಾರಿಯ ಕೋಟದಲ್ಲಿ. ಕೋಟ ಎಂದರೆ ಸಾಹಿತ್ಯದವರಿಗೆ ಶಿವರಾಮ ಕಾರಂತರ ಹುಟ್ಟೂರು, ಭಕ್ತರಿಗೆ ಹಲವು ಮಕ್ಕಳ ತಾಯಿ ಅಮೃತೇಶ್ವರಿಯ ಊರು. ಮನೋವೈದ್ಯಕೀಯದ ಚರಿತ್ರೆ ಓದುವವರಿಗೆ ಅದು ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ ಊರು ಕೂಡ. ಕಾರ್ಸ್ಟೇರ್ಸ್ ಎಡಿನ್‌ಬರೋದಲ್ಲಿ ಮನೋವೈದ್ಯಕೀಯದ ಪ್ರಾಧ್ಯಾಪಕರಾಗಿದ್ದವರು. ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದವರು. ಇಬ್ಬರೂ ಸೇರಿ ಕೋಟದ ಬ್ರಾಹ್ಮಣರು, ಬಂಟರು ಮತ್ತು ಮೊಗವೀರರ ನಡುವೆ ಮಾಡಿದ ಅಧ್ಯಯನ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕವಾಗಿ ಬಂತು. ಅಳಿಯಸಂತಾನದ ಕಟ್ಟು ಸಡಿಲವಾಗಿ ತಂದೆಯಿಂದ ಮಕ್ಕಳಿಗೆ ಆಸ್ತಿ ಹೋಗುವ ಪದ್ಧತಿ ಬರುತ್ತಿದ್ದ ಕಾಲ ಅದು. ಬದುಕಿನ ಇಂಥ ಪಲ್ಲಟ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆಗಳಲ್ಲೊಂದು.

ಅವರು ಕೇಳಿದ ರೀತಿ ನನಗೆ ಮುಖ್ಯ. ಪಶ್ಚಿಮದ ಪ್ರಶ್ನಾವಳಿಯನ್ನು ಹಾಗೆಯೇ ತಂದು ಹಳ್ಳಿಯವರ ಮುಂದೆ ಹಿಡಿದರೆ ಕೆಲಸವಾಗದು ಎಂದು ತಿಳಿದು ಆರ್. ಎಲ್. ಕಪೂರ್, ಮಾಳವಿಕಾ ಕಪೂರ್ ಮತ್ತು ಕಾರ್ಸ್ಟೇರ್ಸ್ ಇಲ್ಲಿಗೆ ಹೊಂದುವ ಬೇರೊಂದು ಪ್ರಶ್ನಾವಳಿಯನ್ನೇ ಸಿದ್ಧಪಡಿಸಿದರು. ಅದರಲ್ಲಿ ನೂರಕ್ಕೂ ಹೆಚ್ಚು ಲಕ್ಷಣಗಳಿದ್ದವು. ಈ ನೆಲದ ರೋಗಿಗಳು ಹೇಳಿಕೊಳ್ಳುವ ಮೈಯ ದೂರುಗಳಿಗೂ ಜಾಗವಿತ್ತು. ಲಕ್ಷಣಗಳನ್ನು ಎಣಿಸಿ ಅಲ್ಲಿಗೇ ಬಿಡಲಿಲ್ಲ. ಆ ಮನುಷ್ಯ ತನ್ನ ಪಾಲಿನ ಕೆಲಸ ಮಾಡುತ್ತಿದ್ದಾನೆಯೇ, ಮನೆಯವರೊಂದಿಗೆ, ನೆರೆಯವರೊಂದಿಗೆ ಹೇಗಿದ್ದಾನೆ ಎಂಬುದನ್ನೂ ಅಳೆದರು. ಚಿಕ್ಕಮ್ಮನನ್ನು ಅವರು ಭೇಟಿಯಾಗಿದ್ದರೆ ಮಾರಿದ ಎರಡು ಹಸುಗಳೂ ಲೆಕ್ಕಕ್ಕೆ ಬರುತ್ತಿದ್ದವು.

ಕೋಟದಲ್ಲಿ ಸಂಕಟಪಡುವವರು ಹೋಗುತ್ತಿದ್ದದ್ದು ಯಾರ ಬಳಿ? ನಾಡವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು, ಜೊತೆಗೆ ಇಂಗ್ಲಿಷ್ ಔಷಧಿಯ ಡಾಕ್ಟರು. ಎಷ್ಟೋ ಜನ ಇಬ್ಬರ ಬಳಿಗೂ ಹೋಗುತ್ತಿದ್ದರು, ಅದರಲ್ಲಿ ಅವರಿಗೆ ಯಾವ ವಿರೋಧವೂ ಕಾಣುತ್ತಿರಲಿಲ್ಲ. ಅಂದರೆ ಹಳ್ಳಿಯವರು ಮೂಢನಂಬಿಕೆಯಿಂದ ಚಿಕಿತ್ಸೆಯನ್ನು ದೂರ ಇಟ್ಟಿದ್ದಾರೆ ಎಂಬ ನಮ್ಮ ಪೇಟೆಯ ಮಾತು ಆಗಲೇ ಸುಳ್ಳಾಗಿತ್ತು. ನಮ್ಮ ಚಿಕ್ಕಮ್ಮನೂ ಅಷ್ಟೇ. ದೇವರ ಮುಂದೆ ಹೂವಿನ ಪ್ರಸಾದ ಕೇಳಿಸಿದ್ದಾಳೆ, ತಾಯಿತ ಕಟ್ಟಿಸಿಕೊಂಡಿದ್ದಾಳೆ, ಎಂಡೋಸ್ಕೋಪಿಯನ್ನೂ ಮಾಡಿಸಿಕೊಂಡಿದ್ದಾಳೆ. ಆಕೆ ಎಲ್ಲ ಬಾಗಿಲನ್ನೂ ತಟ್ಟಿದವಳು.

ಕೋಟದ ಅಧ್ಯಯನ ನಡೆದಾಗ ಖಿನ್ನತೆಗೆ ಮಾತ್ರೆ ಎಂಬುದು ಇನ್ನೂ ಹೊಸತು. ಆ ಮಾತ್ರೆಯ ಕಥೆಯಲ್ಲಿ ನಮ್ಮ ಕಾಡಿನ ಒಂದು ಬೇರೂ ಬರುತ್ತದೆ: ಸರ್ಪಗಂಧ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಇದು ರಕ್ತದೊತ್ತಡಕ್ಕೂ ಹುಚ್ಚಿಗೂ ಉಪಯೋಗವಾಗುತ್ತದೆ ಎಂದು ಬರೆದರು. 1949ರಲ್ಲಿ ಬೊಂಬಾಯಿಯ ರುಸ್ತುಂ ವಕೀಲ್ ಅದರ ಬಗ್ಗೆ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಲೋಕದ ಕಣ್ಣು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ರೆಸರ್ಪಿನ್ ತೆಗೆದುಕೊಂಡವರಲ್ಲಿ ಕೆಲವರು ಕಾರಣವಿಲ್ಲದೆ ಮಂಕಾಗಿ ಮೂಲೆ ಸೇರಿದರು. ಆ ಔಷಧಿ ಮಿದುಳಿನ ಸಿರೊಟೋನಿನ್ ಸಂಗ್ರಹವನ್ನು ಬರಿದು ಮಾಡುತ್ತದೆ ಎಂದು 1955ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತಿಳಿಯಿತು. ಹಾಗಾದರೆ ವಿಷಾದಕ್ಕೂ ರಸಾಯನಕ್ಕೂ ನಂಟಿರಬೇಕು ಎಂಬ ಊಹೆ ಹುಟ್ಟಿತು. ಸರಿಸುಮಾರು ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನದೇ ಆಸ್ಪತ್ರೆಯೊಂದರಲ್ಲಿ ರೋಲಾಂಡ್ ಕೂನ್, ಸ್ಕಿಜೋಫ್ರೇನಿಯಾಕ್ಕೆ ಪ್ರಯೋಜನ ಕೊಡದ ಒಂದು ಔಷಧಿಯನ್ನು ಖಿನ್ನತೆಯವರಿಗೆ ಕೊಟ್ಟು ನೋಡಿದರು. ಅವರು ಚೇತರಿಸಿಕೊಂಡರು. ಅದೇ ಇಮಿಪ್ರಮಿನ್. 1957ರಲ್ಲಿ ಜ್ಯೂರಿಕ್‌ನ ಸಮ್ಮೇಳನದಲ್ಲಿ ಕೂನ್ ಇದನ್ನು ಹೇಳಿದಾಗ ಕೇಳಲು ಇದ್ದವರು ಹತ್ತು ಹನ್ನೆರಡು ಜನವಂತೆ.

ಸಿರೊಟೋನಿನ್ ಕಡಿಮೆಯಾಯಿತು, ಖಿನ್ನತೆ ಬಂತು ಎಂಬ ಸರಳ ಲೆಕ್ಕವನ್ನು ಇವತ್ತು ತಿಳಿದವರು ಒಪ್ಪುವುದಿಲ್ಲ. ರೆಸರ್ಪಿನ್‌ನ ಕಥೆಯನ್ನೂ ಪ್ರಶ್ನಿಸಿದ್ದಾರೆ. ಆದರೂ ಆ ಲೆಕ್ಕ ಒಂದು ಉಪಕಾರ ಮಾಡಿತು ಎಂದು ನನಗನ್ನಿಸುತ್ತದೆ. ಇದು ಸೋಮಾರಿತನವಲ್ಲ, ಕೊಬ್ಬಲ್ಲ, ಹಿಂದಿನ ಜನ್ಮದ ಪಾಪವೂ ಅಲ್ಲ, ಚಿಕಿತ್ಸೆಯಿರುವ ಕಾಯಿಲೆ ಎಂದು ಹೇಳಲು ಒಂದು ಭಾಷೆ ಸಿಕ್ಕಿತು.

ಮುಂದಿನ ಕಥೆ ಬೆಂಗಳೂರಿನದು. ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಕಪೂರ್ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭಿಸಿದರು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೋರೋಗ ಗುರುತಿಸುವುದನ್ನು ಕಲಿಸುವ ಕೆಲಸ ನಡೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದ ನಡುವೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ನೋಡಿದರು. ಬಳ್ಳಾರಿಯ ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಕನ್ನಡಿಗರು ಈ ಸಂಗತಿಯನ್ನು ಇನ್ನೂ ಸ್ವಲ್ಪ ಹೆಮ್ಮೆಯಿಂದ ನೆನೆಯಬಹುದಿತ್ತು.

ಆದರೆ ಇಂಥ ಕಾರ್ಯಕ್ರಮಗಳಲ್ಲಿ ಮೊದಲು ಕಣ್ಣಿಗೆ ಬೀಳುವವರು ಮೂರ್ಛೆ ಬೀಳುವವರು, ಬೀದಿಯಲ್ಲಿ ಕೂಗಾಡುವವರು. ಅದರಲ್ಲಿ ತಪ್ಪಿಲ್ಲ, ಅವರನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲ. ಸುಮ್ಮನೆ ಗೋಡೆಗೆ ಮುಖ ಮಾಡಿ ಮಲಗಿದವರು ಯಾರಿಗೂ ತೊಂದರೆ ಕೊಡುವುದಿಲ್ಲವಲ್ಲ! 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ, ಪೂರ್ವಭಾವಿ ಪ್ರಯೋಗ ಮಾತ್ರ ನಮ್ಮ ಕೋಲಾರದಲ್ಲಿ ನಡೆದಿತ್ತು. ಆ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ತೀವ್ರ ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ 85ರಲ್ಲಿ ಎಷ್ಟು ಜನರ ಬಳಿ ಚಿಕ್ಕಮ್ಮನಂತೆ ಕವರಿನ ತುಂಬ ಚೀಟಿಗಳಿದ್ದವೋ.

ಈ ಅಂಕಿಯನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ದಿನವೇ ನನಗೆ ಆ ಬೀರು ನೆನಪಾದದ್ದು. ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ. ಎಲ್ಲಿಗೆ ಅಂತ ಪೂರ್ತಿ ಹೇಳಿರಲಿಲ್ಲ. ಅದು ನನ್ನ ತಪ್ಪು. ಬೋರ್ಡು ಓದಿ ಅವಳು ಸೆರಗು ತಲೆಗೆ ಎಳೆದುಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಒಳಗಿದ್ದ ಯುವ ವೈದ್ಯೆ ಉರಿಯ ಬಗ್ಗೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಮುಂಚೆ ಇಷ್ಟವಾಗುತ್ತಿದ್ದದ್ದು ಈಗ ಬೇಡ ಅನ್ನಿಸುವಂಥದ್ದು ಏನಾದರೂ ಇದೆಯಾ ಎಂದರು. ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದು "ಹಸ" ಎಂದು ಅತ್ತಳು.

ಔಷಧಿಯ ಗುಣ ಕಾಣಲು ಕೆಲವು ವಾರ ಬೇಕು ಎಂದು ಹೇಳಿಯೇ ಕಳಿಸಿದ್ದರು. ಮೂರನೇ ವಾರ ಬಾಯಿ ಒಣಗುತ್ತೆ ಎಂದು ನಿಲ್ಲಿಸಿದಳು. ತಲೆಯ ಮಾತ್ರೆ ಚಟವಾಗುತ್ತೆ ಎಂದು ಚಿಕ್ಕಪ್ಪನೂ ದನಿಗೂಡಿಸಿದರು. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ, ಆದರೆ ವೈದ್ಯರನ್ನು ಕೇಳದೆ ಥಟ್ಟನೆ ಬಿಡಬಾರದು ಎಂದು ವೈದ್ಯೆಯೇ ಫೋನಿನಲ್ಲಿ ವಿವರಿಸಬೇಕಾಯಿತು. ಸೌಮ್ಯವಾದ ಖಿನ್ನತೆಗೆ ಎಷ್ಟೋ ಸಲ ಆಪ್ತಸಮಾಲೋಚನೆಯೇ ಸಾಕಾಗುತ್ತದಂತೆ. 11 ವರ್ಷ ಕಾದವಳಿಗೆ ಎರಡೂ ಬೇಕಾದವು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವಳ ಮೊಬೈಲಿಗೆ ಹಾಕಿಕೊಟ್ಟಿದ್ದೇನೆ. ಅದಕ್ಕೆ ಅವಳು ಇಟ್ಟುಕೊಂಡ ಹೆಸರು 'ಹಾಲಿನ ಡೈರಿ'.

ಈಗ ಒಂದು ಹಸು ಕಟ್ಟಿದ್ದಾಳೆ. ಕೆಲವು ಬೆಳಗು ಏಳುತ್ತಾಳೆ, ಕೆಲವು ಬೆಳಗು ಏಳುವುದಿಲ್ಲ. ಮಂಗಳವಾರದ ಚೀಟಿಗಳು ಮಾತ್ರ ಬೀರುವಿನ ಕವರಿನಲ್ಲಿಲ್ಲ, ಅಕ್ಕಿ ಡ್ರಮ್ಮಿನ ಅಡಿಯಲ್ಲಿವೆ. ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಕಣ್ಣಿಗಾದರೂ ಬಿದ್ದರೆ ಎಂಬ ಭಯ. ಹೀಗೆ ಬಚ್ಚಿಡಬೇಕಾ ಚಿಕ್ಕಮ್ಮ ಎಂದು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಮಂಗಳವಾರ ಯಾರೂ ಹೆಣ್ಣು ನೋಡೋಕೆ ಬರಲ್ವಲ್ಲ. ಆಸ್ಪತ್ರೆಯೋರು ಒಳ್ಳೇ ದಿನಾನೇ ಇಟ್ಟವ್ರೆ ಬಿಡು," ಅಂದಳು.