ಮರಿ ಲೆಪರ್ಡ್ ಗೆಕ್ಕೊಗಳ ದೃಷ್ಟಿದೋಷ ಮತ್ತು ಆಹಾರ ಸಮಸ್ಯೆ

ಲೆಪರ್ಡ್ ಗೆಕ್ಕೊ ಸಾಕುಪ್ರಾಣಿಯಾಗಿ ಜನಪ್ರಿಯವಾದ, ಮೈಮೇಲೆ ಚಿರತೆಯಂಥ ಚುಕ್ಕೆಗಳಿರುವ ಹಲ್ಲಿ. ವೈಜ್ಞಾನಿಕ ಹೆಸರು ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್. ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ಮೊದಲು ವಿವರಿಸಿದ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಲ್ಲುನೆಲದ ಒಣಪ್ರದೇಶಗಳು ಇದರ ನೆಲೆ. ಚಲಿಸುವ ಹುಳುವನ್ನು ಕಣ್ಣಿನಿಂದ ಗುರುತಿಸಿ ಹಿಡಿಯುವ ಬೇಟೆಗಾರನಾದ್ದರಿಂದ, ಕಣ್ಣು ಕೆಟ್ಟ ಮರಿ ಬಹುಬೇಗ ಉಪವಾಸ ಬೀಳುತ್ತದೆ. ತಿನ್ನದ ಮರಿಯ ಕಣ್ಣನ್ನು ಮೊದಲು ಪರೀಕ್ಷಿಸಬೇಕೆನ್ನುವುದು ಇದೇ ಕಾರಣಕ್ಕೆ.

ಕಣ್ಣಿನ ರಚನೆ

ನಮ್ಮ ಮನೆಗೋಡೆಯ ಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆಗಳಿಲ್ಲ. ಪಾರದರ್ಶಕ ಪೊರೆಯೊಂದು ಕಣ್ಣನ್ನು ಕಾಯುತ್ತದೆ. ಲೆಪರ್ಡ್ ಗೆಕ್ಕೊಗೆ ನಿಜವಾದ ರೆಪ್ಪೆಗಳಿವೆ. ಇವು ಕಣ್ಣಿಗೆ ರಕ್ಷಣೆಯಾದರೂ ಅವುಗಳ ಒಳಗೆ ಕಸ, ಕೀವು ಮತ್ತು ಕಳಚಿದ ಚರ್ಮದ ಚೂರುಗಳು ಸಿಕ್ಕಿಕೊಳ್ಳಬಹುದು.

ಕಾರಣಗಳು

ಮುಖ್ಯ ಕಾರಣಗಳಲ್ಲಿ ಒಂದು ಎ ಜೀವಸತ್ವದ ಕೊರತೆ. ಸಾಕಿದ ಹುಳುಗಳಲ್ಲಿ ಈ ಸತ್ವ ತೀರ ಕಡಿಮೆ. ಕೊರತೆಯಾದಾಗ ಕಣ್ಣೀರು ಗ್ರಂಥಿಗಳ ಒಳಪದರ ಒರಟಾಗಿ, ನಾಳಗಳು ಕಟ್ಟಿಕೊಂಡು, ರೆಪ್ಪೆಯೊಳಗೆ ಗಿಣ್ಣಿನಂಥ ಬಿಳಿ ಗಟ್ಟಿ ಪದಾರ್ಥ ಶೇಖರವಾಗುತ್ತದೆ. ಗೂಡಿನಲ್ಲಿ ತೇವ ಸಾಲದಿದ್ದರೆ ಪೊರೆ ಸರಿಯಾಗಿ ಕಳಚದೆ ರೆಪ್ಪೆಯ ಅಂಚಿನಲ್ಲಿ ಉಳಿಯುತ್ತದೆ. ಮರಳಿನ ಕಣ, ಗಾಯ, ಸೋಂಕು ಕೂಡ ಕಾರಣವಾಗಬಹುದು.

ಕೆಲವು ದೋಷಗಳು ಹುಟ್ಟಿನಿಂದಲೇ ಬರುತ್ತವೆ. ಕಣ್ಣುಗುಡ್ಡೆ ಚಿಕ್ಕದಾಗಿರಬಹುದು, ರೆಪ್ಪೆ ಅಪೂರ್ಣವಾಗಿರಬಹುದು. ಆಲ್ಬಿನೊ ತಳಿಗಳು ಪ್ರಖರ ಬೆಳಕಿನಲ್ಲಿ ಕಣ್ಣು ಮುಚ್ಚಿಕೊಂಡೇ ಇರುತ್ತವೆ. ಎನಿಗ್ಮಾ ಎಂಬ ತಳಿಯಲ್ಲಿ ಕಣ್ಣು ನೆಟ್ಟಗಿದ್ದರೂ ನರದೋಷದಿಂದ ಮರಿ ತಲೆ ವಾಲಿಸುತ್ತದೆ, ಒಂದೇ ಕಡೆಗೆ ಸುತ್ತುತ್ತದೆ, ಬೇಟೆಯ ಗುರಿ ತಪ್ಪುತ್ತದೆ. ಈ ದೋಷ ಪ್ರಬಲ ವಂಶವಾಹಿಯ ಮೂಲಕ ಬರುವುದರಿಂದ ಇಂಥ ಹಲ್ಲಿಗಳಿಂದ ಮರಿ ಮಾಡಿಸಬಾರದು.

ಲಕ್ಷಣಗಳು

ಆರೋಗ್ಯವಂತ ಮರಿ ಹುಳುವನ್ನು ಕಂಡೊಡನೆ ತಲೆಯೆತ್ತಿ, ಬಾಲದ ತುದಿ ಅಲುಗಿಸಿ, ನೇರವಾಗಿ ಎರಗುತ್ತದೆ. ದೃಷ್ಟಿ ಮಂದವಾದ ಮರಿ ಹುಳುವಿನ ಪಕ್ಕದ ಖಾಲಿ ಜಾಗವನ್ನು ಕಚ್ಚುತ್ತದೆ. ಕೆಲವು ಸಲ ಸೋತು ಹಿಂದೆ ಸರಿಯುತ್ತದೆ. ರೆಪ್ಪೆ ಊದಿಕೊಳ್ಳುವುದು, ಒಂದು ಕಣ್ಣು ಸದಾ ಮುಚ್ಚಿರುವುದು, ಕಣ್ಣನ್ನು ಪದೇಪದೇ ನೆಕ್ಕುವುದು ಇತರ ಗುರುತುಗಳು. ಕೊಬ್ಬು ಕೂಡಿಡುವ ಬಾಲ ಸಣಕಲಾಗುತ್ತ ಬಂದರೆ ಹಸಿವು ಬಹಳ ದಿನದ್ದೆಂದು ಅರ್ಥ.

ಆದರೆ ತಿನ್ನದಿರುವುದಕ್ಕೆಲ್ಲ ಕಣ್ಣೇ ಕಾರಣವಲ್ಲ. ಮೊಟ್ಟೆಯೊಡೆದ ಮರಿ ಮೊದಲ ಪೊರೆ ಬಿಡುವವರೆಗೆ ಕೆಲವು ದಿನ ತಿನ್ನದಿರುವುದು ಸಹಜ. ಗೂಡು ತಣ್ಣಗಿದ್ದರೆ ಜೀರ್ಣಶಕ್ತಿ ಕುಗ್ಗುತ್ತದೆ. ಕ್ಯಾಲ್ಸಿಯಂ ಕೊರತೆಯಿಂದ ದವಡೆ ಮೆತ್ತಗಾದರೆ ಅಗಿಯಲಾಗದು. ಕ್ರಿಪ್ಟೊಸ್ಪೊರಿಡಿಯಮ್ ಎಂಬ ಕರುಳಿನ ಪರಾವಲಂಬಿಯೂ ಬಾಲವನ್ನು ಕಡ್ಡಿಯಂತೆ ಸೊರಗಿಸುತ್ತದೆ.

ಚಿಕಿತ್ಸೆ

ಸರೀಸೃಪಗಳ ಅನುಭವವಿರುವ ಪಶುವೈದ್ಯರು ಲವಣದ್ರಾವಣದಿಂದ ಕಣ್ಣು ತೊಳೆದು, ಸಿಕ್ಕಿಕೊಂಡ ಪದಾರ್ಥವನ್ನು ತೆಗೆದು, ಅಗತ್ಯವಿದ್ದರೆ ಪ್ರತಿಜೀವಕ ಹನಿ ನೀಡುತ್ತಾರೆ. ಮನೆಯಲ್ಲಿ ಚಿಮಟದಿಂದ ಪೊರೆ ಕೀಳಲು ಹೋದರೆ ಕಣ್ಣಿನ ಪಾರದರ್ಶಕ ಪಟಲಕ್ಕೆ ಗಾಯವಾಗುತ್ತದೆ. ಎ ಜೀವಸತ್ವ ಅತಿಯಾದರೂ ವಿಷವೇ. ಅದರ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಆಹಾರ ಮತ್ತು ಆರೈಕೆ

ಹುಳುವಿನ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಕಣ್ಣು ಕಾಣದ ಮರಿಗೆ ಮೊಂಡುತುದಿಯ ಚಿಮಟದಲ್ಲಿ ಹುಳುವನ್ನು ಹಿಡಿದು ತುಟಿಯ ಅಂಚಿಗೆ ಮೆಲ್ಲಗೆ ತಾಗಿಸಬೇಕು. ವಾಸನೆ ಮತ್ತು ಸ್ಪರ್ಶದಿಂದ ಅದು ಬಾಯಿ ತೆರೆಯಲು ಕಲಿಯುತ್ತದೆ. ನುಣುಪು ಬಟ್ಟಲಿನಲ್ಲಿ ಮೀಲ್‌ವರ್ಮ್ ಹುಳುಗಳನ್ನು ನಿತ್ಯ ಒಂದೇ ಜಾಗದಲ್ಲಿಟ್ಟರೂ ಹುಡುಕಿಕೊಳ್ಳುತ್ತದೆ. ಕ್ರಿಕೆಟ್ ಹುಳುಗಳನ್ನು ರಾತ್ರಿಯಿಡೀ ಗೂಡಿನಲ್ಲಿ ಬಿಡಬಾರದು. ಅವು ಮರಿಯ ಬೆರಳು, ರೆಪ್ಪೆಗಳನ್ನು ಕಡಿಯುತ್ತವೆ.

ಬೆಚ್ಚಗಿನ ಬದಿಯ ನೆಲ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಒದ್ದೆ ಪಾಚಿ ಹಾಸಿದ ಅಡಗುತಾಣವೊಂದು ಇರಬೇಕು. ಹುಳುಗಳಿಗೆ ಕ್ಯಾಲ್ಸಿಯಂ ಮತ್ತು ಜೀವಸತ್ವದ ಪುಡಿ ಲೇಪಿಸಬೇಕು. ಅಡಿಗೆ ಮರಳಿನ ಬದಲು ಕಾಗದ ಹಾಸುವುದು ಕ್ಷೇಮ. ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ ತೂಕದ ಇಳಿಕೆ ಬೇಗ ತಿಳಿಯುತ್ತದೆ. ಬೇರೆ ರೋಗವಿಲ್ಲದೆ ದೃಷ್ಟಿ ಮಾತ್ರ ಕಳೆದುಕೊಂಡ ಗೆಕ್ಕೊ, ಗೂಡಿನ ಸಾಮಾನುಗಳನ್ನು ಸ್ಥಳ ಬದಲಿಸದೆ ಇಟ್ಟು ಕೈಯಾರೆ ತಿನ್ನಿಸುವವರಿದ್ದರೆ ವರ್ಷಗಟ್ಟಲೆ ನೆಮ್ಮದಿಯಿಂದ ಬಾಳಬಲ್ಲದು.