ಅಕ್ಕತಂಗಿಯರ ಮನೆ

ಲ್ಯಾಟಿನ್ ಭಾಷೆಯಲ್ಲಿ 'ಸೊರೊರ್' ಎಂದರೆ ಸೋದರಿ. 1874ರಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ಹುಡುಗಿಯರು ಸೇರಿ ಒಂದು ಸಂಘ ಕಟ್ಟಿಕೊಂಡರು, ಅಲ್ಲಿನ ಲ್ಯಾಟಿನ್ ಮೇಷ್ಟ್ರು ಫ್ರಾಂಕ್ ಸ್ಮ್ಯಾಲಿ ಅದಕ್ಕೆ 'ಸೊರಾರಿಟಿ' ಎಂಬ ಹೆಸರನ್ನು ಹೊಂದಿಸಿಕೊಟ್ಟರು. ಹುಡುಗರ ಸಂಘಗಳಿಗೆ ಅಣ್ಣತಮ್ಮಂದಿರ ಬಳಗ ಎಂಬರ್ಥದ 'ಫ್ರೆಟರ್ನಿಟಿ' ಎಂಬ ಹೆಸರು ಮೊದಲೇ ಇತ್ತು. ಎರಡೋ ಮೂರೋ ಗ್ರೀಕ್ ಅಕ್ಷರಗಳೇ ಒಂದೊಂದು ಸಂಘದ ಹೆಸರು. ಒಳಗಿನ ಗುಟ್ಟು ಒಳಗಿನವರಿಗೆ.

ಈ ಸಂಘಗಳು ಹುಟ್ಟಿದ್ದು ಮಾತ್ರ ಸಿಟ್ಟಿನಿಂದ. ಇಂಡಿಯಾನಾ ರಾಜ್ಯದ ಆಸ್‌ಬರಿ ಕಾಲೇಜು 1867ರಲ್ಲಿ ಹುಡುಗಿಯರಿಗೆ ಬಾಗಿಲು ತೆರೆಯಿತು. ಅಲ್ಲಿ ಓದುತ್ತಿದ್ದ ಬೆಟ್ಟಿ ಲಾಕ್ ಎಂಬಾಕೆಗೆ ಹುಡುಗರ ಸಂಘದವರು ತಮ್ಮ ಬಿಲ್ಲೆಯನ್ನು ಧರಿಸಿಕೊಂಡು ಓಡಾಡು ಎಂದರಂತೆ. ಸದಸ್ಯತ್ವ ಕೊಡಿ, ಧರಿಸುತ್ತೇನೆ ಎಂದಳಂತೆ ಅವಳು. ಅವರು ಸದಸ್ಯತ್ವ ಕೊಡಲಿಲ್ಲ, ಬದಲಿಗೆ ಬೆಳ್ಳಿಯ ಕೇಕ್ ಬುಟ್ಟಿ ಕೊಟ್ಟರು. ಬೆಳ್ಳಿ ಕೊಟ್ಟು ಬಾಯಿ ಮುಚ್ಚಿಸುವುದು ಎಲ್ಲ ಊರಿನ ಗಂಡಸರಿಗೂ ಗೊತ್ತಿರುವ ವಿದ್ಯೆ! 1870ರ ಜನವರಿಯಲ್ಲಿ ಬೆಟ್ಟಿ ಮೂವರು ಗೆಳತಿಯರೊಡನೆ 'ಕಪ್ಪಾ ಆಲ್ಫಾ ಥೀಟಾ' ಎಂಬ ತಮ್ಮದೇ ಸಂಘ ಆರಂಭಿಸಿದಳು.

ಹೊರಗೆ ನಿಲ್ಲಿಸಿದ್ದಕ್ಕೆ ಮನೆ ಕಟ್ಟಿಕೊಂಡವರು ತಾವೂ ಯಾರನ್ನೋ ಹೊರಗೆ ನಿಲ್ಲಿಸಿದರು. ಕಪ್ಪು ಹುಡುಗಿಯರಿಗೆ ಈ ಅಕ್ಕತಂಗಿಯರ ಮನೆಗಳಲ್ಲಿ ಜಾಗವಿರಲಿಲ್ಲ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರು 1908ರಲ್ಲಿ 'ಆಲ್ಫಾ ಕಪ್ಪಾ ಆಲ್ಫಾ' ಕಟ್ಟಿದರು. 1913ರ ಜನವರಿಯಲ್ಲಿ ಅಲ್ಲೇ 22 ಮಂದಿ ಸೇರಿ 'ಡೆಲ್ಟಾ ಸಿಗ್ಮಾ ಥೀಟಾ' ಕಟ್ಟಿದರು. ಅದೇ ಮಾರ್ಚ್ 3ರಂದು ಮಹಿಳೆಯರ ಮತದಾನದ ಹಕ್ಕಿಗಾಗಿ ರಾಜಧಾನಿಯಲ್ಲಿ ದೊಡ್ಡ ಮೆರವಣಿಗೆ ನಡೆದಾಗ, ಎರಡು ತಿಂಗಳೂ ತುಂಬದ ಈ ಸಂಘದ ಹುಡುಗಿಯರು ಅದರಲ್ಲಿ ನಡೆದರು.

1935ರಲ್ಲಿ ಆಲ್ಫಾ ಕಪ್ಪಾ ಆಲ್ಫಾದವರು ಡಾಕ್ಟರ್ ಡೊರೊತಿ ಫೆರೆಬಿಯವರ ಮುಂದಾಳತ್ವದಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲಗಳ ಬಡವರಿಗೆ ಚಿಕಿತ್ಸೆ ಕೊಡಲು ಹೊರಟರು. ಜಮೀನುದಾರರು ತಮ್ಮ ಆಳುಗಳನ್ನು ಚಿಕಿತ್ಸಾಲಯಕ್ಕೆ ಕಳಿಸಲಿಲ್ಲ. ಸರಿ, ಔಷಧಿ, ಚುಚ್ಚುಮದ್ದುಗಳನ್ನು ಕಾರುಗಳಿಗೆ ತುಂಬಿಕೊಂಡು ಇವರೇ ಹೊಲಗಳಿಗೆ ಹೋದರು. ಹೀಗೆ 1942ರವರೆಗೆ ಬೇಸಿಗೆಯ ಕೆಲಸ ನಡೆಯಿತು. ಸಿನಿಮಾಗಳಲ್ಲಿ ಸೊರಾರಿಟಿ ಎಂದರೆ ಪಾರ್ಟಿ, ಪೋಷಾಕು ಅಷ್ಟೆ. ಈ ಕಾರುಗಳ ಕಥೆಯನ್ನು ಯಾರಾದರೂ ಸಿನಿಮಾ ಮಾಡಬಾರದೇ!

ಈಗ ಅಲಬಾಮ ವಿಶ್ವವಿದ್ಯಾಲಯಕ್ಕೆ ಬನ್ನಿ. ಅಲ್ಲಿನ ಸೊರಾರಿಟಿ ಮನೆಗಳು ಎತ್ತರದ ಕಂಬಗಳ ಬಂಗಲೆಗಳು. ಪ್ರತಿ ಆಗಸ್ಟಿನಲ್ಲಿ ಪಾಠ ಶುರುವಾಗುವ ಮೊದಲೇ 'ರಷ್' ಎಂಬ ಆಯ್ಕೆಯ ವಾರ. ಹೊಸ ಹುಡುಗಿಯರು ಸಿಂಗರಿಸಿಕೊಂಡು ಮನೆಯಿಂದ ಮನೆಗೆ ಹೋಗಿ ಮಾತನಾಡುತ್ತಾರೆ. ಮನೆಯವರು ತಮಗೆ ಬೇಕಾದವರ ಪಟ್ಟಿ ಮಾಡುತ್ತಾರೆ, ಹುಡುಗಿಯರು ತಮಗೆ ಬೇಕಾದ ಮನೆಗಳದ್ದು. ಕೊನೆಯ ದಿನ ಎಲ್ಲರ ಕೈಗೂ ಒಂದೊಂದು ಲಕೋಟೆ. ಒಡೆದು ನೋಡಿದವರು ಕಿರುಚುತ್ತ ತಮ್ಮ ಮನೆಯತ್ತ ಓಡುತ್ತಾರೆ. ನಮ್ಮ ಹೆಣ್ಣು ನೋಡುವ ಶಾಸ್ತ್ರ ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಉಪ್ಪಿಟ್ಟು, ಕೇಸರಿಭಾತು ಮಾತ್ರ ಇಲ್ಲ. ಬೇಡವೆನಿಸಿದರೆ ನಮ್ಮಲ್ಲಿ 'ಜಾತಕ ಕೂಡಿಬರಲಿಲ್ಲ' ಎಂದು ಹೇಳಿಕಳಿಸುತ್ತಾರಲ್ಲ, ಆಗ ಯಾರ ಮೇಲೂ ತಪ್ಪು ಬರುವುದಿಲ್ಲ. ಅಲ್ಲಿಯೂ ಹಾಗೆಯೇ. ಕಾರಣ ಹೇಳುವ ಕಟ್ಟಳೆಯಿಲ್ಲ.

1963ರ ಜೂನ್ 11ರಂದು ಗವರ್ನರ್ ಜಾರ್ಜ್ ವ್ಯಾಲೆಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಬಾಗಿಲಿಗೆ ಅಡ್ಡ ನಿಂತದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಅವತ್ತು ವಿವಿಯನ್ ಮಲೋನ್, ಜೇಮ್ಸ್ ಹುಡ್ ಒಳಗೆ ಹೋದರು. ತರಗತಿಯ ಬಾಗಿಲು ತೆರೆಯಿತು. ಆದರೆ 50 ವರ್ಷ ಕಳೆದರೂ ಬಿಳಿಯರ ಸೊರಾರಿಟಿಗಳು, ಒಂದೆರಡು ಅಪವಾದ ಬಿಟ್ಟರೆ, ಬಿಳಿಯವಾಗಿಯೇ ಇದ್ದವು. 2013ರಲ್ಲಿ ಓದಿನಲ್ಲಿ ಬಹಳ ಮುಂದಿದ್ದ ಒಬ್ಬ ಕಪ್ಪು ಹುಡುಗಿ ರಷ್‌ಗೆ ಹೋದಳು. ಒಂದು ಮನೆಯೂ ಕರೆಯಲಿಲ್ಲ.

ಆ ವರ್ಷ ಜಾತಕದ ನೆಪ ನಡೆಯಲಿಲ್ಲ. ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳದ್ದೇ ಪತ್ರಿಕೆ 'ಕ್ರಿಮ್ಸನ್ ವೈಟ್' ಸಂಗತಿಯನ್ನು ಅಚ್ಚುಮಾಡಿತು. ನಾವು ಅವಳನ್ನು ಬೇಕೆಂದಿದ್ದೆವು, ಹಳೆಯ ಸದಸ್ಯೆಯರು ಅಡ್ಡ ಬಂದರು ಎಂದು ಒಳಗಿನ ಹುಡುಗಿಯರೇ ಬಾಯಿಬಿಟ್ಟರು. ಎಂದೋ ಓದು ಮುಗಿಸಿ ಹೋದ ಹಿರಿಯಕ್ಕಂದಿರು! ಮನೆಯ ದುಡ್ಡು, ಮರ್ಯಾದೆ ಎಲ್ಲ ಅವರ ಕೈಯಲ್ಲಿ. ಈ ಭಾಗ ಓದುವಾಗ ನನಗೆ ಸೊಸೆಯರ ನೆನಪಾಯಿತು, ಅತ್ತೆಯ ಮಾತಿಗೆ ಎದುರಾಡಲು ಅವರಿಗೆ ಎಷ್ಟು ವರ್ಷ ಬೇಕಾಗುತ್ತದೆ! ಈ ಹುಡುಗಿಯರಿಗೆ ಇಪ್ಪತ್ತರ ಆಸುಪಾಸು. ಮನೆಯ ಗುಟ್ಟು ಹೊರಗೆ ಹೇಳಿದರೆ ಅಲ್ಲಿ ಗೆಳತಿಯರೂ ಉಳಿಯರು. ಆದರೂ ಹೇಳಿದರು. ನೂರಾರು ವಿದ್ಯಾರ್ಥಿಗಳು ಆಡಳಿತ ಕಚೇರಿಗೆ ಮೆರವಣಿಗೆ ಹೋದರು. ಅಧ್ಯಕ್ಷೆ ಜೂಡಿ ಬಾನರ್ ಆಯ್ಕೆಯನ್ನು ಮತ್ತೆ ತೆರೆಯಿಸಿದರು. ಆ ತಿಂಗಳೊಳಗೆ ಹಲವು ಕಪ್ಪು ಹುಡುಗಿಯರಿಗೆ ಕರೆ ಹೋಯಿತು, ಕೆಲವರು ಒಪ್ಪಿದರು.

ಇದೇ ವಿಶ್ವವಿದ್ಯಾಲಯಕ್ಕೆ 1956ರಲ್ಲಿ, ವ್ಯಾಲೆಸ್‌ಗೂ ಮೊದಲು, ಆಥರೀನ್ ಲೂಸಿ ಎಂಬ ಕಪ್ಪು ಯುವತಿ ಕೋರ್ಟಿನ ಆದೇಶ ಹಿಡಿದು ಬಂದಿದ್ದರು. ತರಗತಿಗೆ ಬರಬಹುದು, ಹಾಸ್ಟೆಲಿನಲ್ಲಿ ಇರುವಂತಿಲ್ಲ, ಊಟದ ಮನೆಗೆ ಕಾಲಿಡುವಂತಿಲ್ಲ ಎಂದರು. ಮೂರನೆಯ ದಿನ ಗುಂಪು ಅವರ ಮೇಲೇರಿ ಬಂತು. ವಿಶ್ವವಿದ್ಯಾಲಯ ಗುಂಪನ್ನು ಬಿಟ್ಟು ಅವರನ್ನೇ ಹೊರಹಾಕಿತು. ಲೂಸಿ ಶಾಲಾ ಶಿಕ್ಷಕಿಯಾದರು. 1988ರಲ್ಲಿ ಆ ಉಚ್ಚಾಟನೆ ರದ್ದಾಯಿತು. ಅವರು ಮತ್ತೆ ಅಲ್ಲೇ ಸೇರಿ, 1992ರಲ್ಲಿ ಶಿಕ್ಷಣದಲ್ಲಿ ಎಂ.ಎ. ಪಡೆದರು. ಅದೇ ವರ್ಷ ಅವರ ಮಗಳೂ ಅಲ್ಲೇ ಪದವಿ ಪಡೆದಳು. 2022ರ ಫೆಬ್ರವರಿಯಲ್ಲಿ ಅಲ್ಲಿನ ಶಿಕ್ಷಣ ವಿಭಾಗದ ಕಟ್ಟಡಕ್ಕೆ ಅವರ ಹೆಸರಿಟ್ಟಾಗ ಅವರು ಬಂದು ಕುಳಿತಿದ್ದರು. ಅದಾದ ಕೆಲವೇ ದಿನಗಳಲ್ಲಿ, ಮಾರ್ಚ್ 2ರಂದು, ತೀರಿಕೊಂಡರು.